ಭಿತರಕನಿಕಾಕ್ಕೆ ಹೊರಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಒಡಿಶಾದ ಕೇಂದ್ರಾಪಡಾ ಜಿಲ್ಲೆಯಲ್ಲಿ ಬ್ರಾಹ್ಮಣಿ ಮತ್ತು ಬೈತರಣಿ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವ ಅಳಿವೆಯಲ್ಲಿ ಭಿತರಕನಿಕಾ ಇದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರು ದಂಡೆ, ಕವಲೊಡೆದು ಮತ್ತೆ ಕೂಡಿಕೊಳ್ಳುವ ಹೊಳೆಗಳು, ಅವುಗಳ ನಡುವೆ ದೇಶದಲ್ಲಿ ಬೇರೆಲ್ಲೂ ಇಷ್ಟು ದಟ್ಟವಾಗಿ ಕಾಣಸಿಗದ ಉಪ್ಪುನೀರಿನ ಮೊಸಳೆಗಳು. ರಂಗನತಿಟ್ಟು, ದಾಂಡೇಲಿ ನೋಡಿ ಮುಂದೆಲ್ಲಿಗೆ ಎಂದು ಯೋಚಿಸುವ ಕನ್ನಡಿಗರು ಈಚೆಗೆ ಈ ಜಾಗದ ಬಗ್ಗೆ ಹೆಚ್ಚು ವಿಚಾರಿಸುತ್ತಿದ್ದಾರೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಎಲ್ಲ ಉತ್ತರಗಳ ಹಿಂದೆಯೂ ಇರುವ ಸಂಗತಿ ಒಂದೇ: ಭಿತರಕನಿಕಾದಲ್ಲಿ ದಿನವನ್ನು ನಡೆಸುವುದು ಉಬ್ಬರ ಮತ್ತು ಇಳಿತ. ಅದಕ್ಕೆ ಹೊಂದಿಕೊಂಡು ಹೋದವರಿಗೆ ಈ ಅಳಿವೆ ಧಾರಾಳವಾಗಿ ತೋರಿಸುತ್ತದೆ. ಗಂಟೆ ಲೆಕ್ಕದಲ್ಲಿ ಓಡಾಡಿ ಬಂದವರು ಬಹುಪಾಲು ಕಳೆದುಕೊಂಡು ಬರುತ್ತಾರೆ.

ಇದು ನಿಜಕ್ಕೂ ದ್ವೀಪವೇ? ದೋಣಿ ಇಲ್ಲದೆ ನೋಡಲು ಆಗುವುದಿಲ್ಲವೇ?

ಸಮುದ್ರದ ನಡುವೆ ಒಂಟಿಯಾಗಿ ನಿಂತ ದ್ವೀಪವನ್ನು ಕಲ್ಪಿಸಿಕೊಳ್ಳಬೇಡಿ. ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನಿಂದ ಆದ ತಗ್ಗು ನೆಲವನ್ನು ಹೊಳೆಗಳೂ ಕಿರುಹೊಳೆಗಳೂ ಹಲವು ತುಂಡುಗಳಾಗಿ ಕತ್ತರಿಸಿವೆ. ಸುತ್ತ ನೀರು, ಒಳಗೆ ಕಾಡು. ಪ್ರವಾಸಿಗರು ಸಾಮಾನ್ಯವಾಗಿ ಗುಪ್ತಿ, ಖೋಲಾ, ಜಯನಗರ ಅಥವಾ ಚಾಂದಬಾಲಿಯವರೆಗೆ ರಸ್ತೆಯಲ್ಲಿ ಬಂದು, ಅಲ್ಲಿಂದ ದೋಣಿ ಹತ್ತುತ್ತಾರೆ. ರಸ್ತೆ ಬದಿಯಿಂದಲೂ ಒಂದೆರಡು ಹೊಳೆಗಳನ್ನು ನೋಡಬಹುದು, ಆದರೆ ಈ ಕಾಡಿಗೆ ಮುಂಬಾಗಿಲು ಇರುವುದು ನೀರಿನ ಕಡೆಗೆ. ದೋಣಿ ಬೇಡವೆನ್ನುವವರು ಭಿತರಕನಿಕಾದ ಬದಲು ಬೇರೆ ಜಾಗ ಆರಿಸಿಕೊಳ್ಳುವುದು ಒಳ್ಳೆಯದು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಗಹಿರ್ಮಾಥಾ: ಎಲ್ಲವೂ ಒಂದೆಯೇ?

ಒಂದಕ್ಕೊಂದು ಅಂಟಿಕೊಂಡಿವೆ, ಆದರೆ ಬೇರೆ ಬೇರೆ. ಹಿಂದೆ ಇದು ಕನಿಕಾ ರಾಜರ ಜಮೀನ್ದಾರಿ ಕಾಡು. 1952ರಲ್ಲಿ ಜಮೀನ್ದಾರಿ ರದ್ದಾಗಿ ಸರ್ಕಾರದ ಕೈಗೆ ಬಂತು. 1975ರಲ್ಲಿ 672 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರ ಒಡಲಿನ 145 ಚದರ ಕಿಲೋಮೀಟರ್ 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಡಲ ಕಡೆಗಿರುವ ಗಹಿರ್ಮಾಥಾ 1997ರಿಂದ ಸಾಗರ ಅಭಯಾರಣ್ಯ. 2002ರಲ್ಲಿ ಭಿತರಕನಿಕಾ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಒಡಿಶಾದಲ್ಲಿ ಚಿಲಿಕಾದ ನಂತರ ಆ ಮನ್ನಣೆ ಪಡೆದ ಎರಡನೆಯ ಜೌಗು ಪ್ರದೇಶ ಇದು. ನೀವು ದೋಣಿಯಲ್ಲಿ ಸುತ್ತುವುದು ಮೊದಲ ಎರಡರಲ್ಲಿ.

ಯಾವ ತಿಂಗಳಲ್ಲಿ ಹೋಗಬೇಕು?

ಮೊದಲು ಹೋಗಬಾರದ ತಿಂಗಳು ತಿಳಿದುಕೊಳ್ಳಿ. ಮೇ 1ರಿಂದ ಜುಲೈ 31ರವರೆಗೆ ರಾಷ್ಟ್ರೀಯ ಉದ್ಯಾನ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಅದು ಮೊಸಳೆಗಳು ಗೂಡು ಕಟ್ಟಿ ಮೊಟ್ಟೆ ಇಡುವ ಕಾಲ. ಹೆಣ್ಣು ಮೊಸಳೆ ಎಲೆ, ಹುಲ್ಲು, ಕೆಸರನ್ನು ರಾಶಿ ಹಾಕಿ ದಿಬ್ಬದಂಥ ಗೂಡು ಮಾಡಿ, ಅದರೊಳಗೆ ಐವತ್ತರ ಆಸುಪಾಸಿನಷ್ಟು ಮೊಟ್ಟೆ ಇಟ್ಟು, ಮರಿ ಹೊರಬರುವ ಎರಡೂವರೆ ತಿಂಗಳ ಕಾಲ ಹತ್ತಿರದಲ್ಲೇ ಕಾವಲಿರುತ್ತದೆ. ಆಗ ಮನುಷ್ಯರ ಓಡಾಟ ಗೂಡಿಗೂ ಕೇಡು, ಮನುಷ್ಯರಿಗೂ ಅಪಾಯ. ಈ ಮೂರು ತಿಂಗಳ ಬಾಗಿಲು ಹಾಕುವಿಕೆಯನ್ನು ಅನನುಕೂಲವೆಂದು ದೂರುವವರನ್ನು ಕಂಡಿದ್ದೇನೆ. ಆ ಮೊಸಳೆಗಳನ್ನು ನೋಡಲೆಂದೇ ಹೋಗುವ ನಾವು ಅಷ್ಟು ಸಹನೆ ತೋರಿಸಲೇಬೇಕು.

ಜನವರಿಯ ಮೊದಲ ಭಾಗದಲ್ಲಿ ಮೊಸಳೆ ಗಣತಿಗಾಗಿಯೂ ಕೆಲವು ದಿನ ಪ್ರವೇಶ ನಿಲ್ಲಿಸುತ್ತಾರೆ. ದಿನಾಂಕ ವರ್ಷ ವರ್ಷಕ್ಕೆ ಬದಲಾಗುತ್ತದೆ, ಹೊಸ ವರ್ಷದ ರಜೆಯಲ್ಲಿ ಹೊರಡುವವರು ಟಿಕೆಟ್ ಕಾದಿರಿಸುವ ಮೊದಲೇ ವಿಚಾರಿಸಬೇಕು.

ಉಳಿದ ತಿಂಗಳುಗಳಲ್ಲಿ ಆಯ್ಕೆ ನಿಮ್ಮ ಆಸಕ್ತಿಯ ಮೇಲೆ. ಮೊಸಳೆ ನೋಡಲು ಡಿಸೆಂಬರ್‌ನಿಂದ ಫೆಬ್ರುವರಿ ಉತ್ತಮ: ಚಳಿಗೆ ಮೈ ಕಾಯಿಸಿಕೊಳ್ಳಲು ಅವು ದಂಡೆಗೆ ಬಂದು ಮಲಗುತ್ತವೆ, ವಲಸೆ ಹಕ್ಕಿಗಳೂ ಇರುತ್ತವೆ. ಗೂಡು ಕಟ್ಟಿ ಮರಿ ಸಾಕುವ ಕೊಕ್ಕರೆ, ಬಕಗಳನ್ನು ನೋಡಬೇಕಾದರೆ ಆಗಸ್ಟ್‌ನಿಂದ ಅಕ್ಟೋಬರ್. ಮಳೆ, ಕೆಸರು, ಸೆಕೆ ಸಹಿಸಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಧಗೆ ಬಲು ಹೆಚ್ಚು, ಸಂಜೆಯ ಹೊತ್ತಿಗೆ ಕಾಲಬೈಶಾಖಿ ಎಂಬ ಗುಡುಗು ಗಾಳಿ ಏಳುವುದೂ ಉಂಟು. ನನ್ನನ್ನು ಕೇಳಿದರೆ ಫೆಬ್ರುವರಿ: ರಜೆಯ ಜನಸಂದಣಿ ಇಳಿದಿರುತ್ತದೆ, ಬೆಳಗಿನ ಮಂಜು ಬೇಗ ಕರಗುತ್ತದೆ.

ಕರ್ನಾಟಕದಿಂದ ತಲುಪುವುದು ಹೇಗೆ?

ಬೆಂಗಳೂರಿನಿಂದ ಭುವನೇಶ್ವರಕ್ಕೆ ನೇರ ವಿಮಾನಗಳಿವೆ. ರೈಲಿನಲ್ಲಾದರೆ ಪ್ರಶಾಂತಿ ಎಕ್ಸ್‌ಪ್ರೆಸ್ ಭುವನೇಶ್ವರದವರೆಗೆ ಹೋಗುತ್ತದೆ. ಹೌರಾ ಕಡೆಗೆ ಹೋಗುವ ಕೆಲವು ರೈಲುಗಳು ಭದ್ರಕ್‌ನಲ್ಲಿ ನಿಲ್ಲುತ್ತವೆ. ಚಾಂದಬಾಲಿಯ ಮೂಲಕ ಪ್ರವೇಶಿಸುವವರಿಗೆ ಅದು ಹತ್ತಿರ. ಭುವನೇಶ್ವರದಿಂದ ಕೇಂದ್ರಾಪಡಾ, ರಾಜನಗರ ದಾಟಿ ಗುಪ್ತಿ ಅಥವಾ ಖೋಲಾ ತಲುಪಲು ಕಾರಿನಲ್ಲಿ ಅರ್ಧ ದಿನ ಮೀಸಲಿಡಿ. ಕೊನೆಯ ಭಾಗದ ರಸ್ತೆ ಕಿರಿದು, ಊರುಗಳ ನಡುವೆ ಸಾಗುತ್ತದೆ. ಬಸ್ಸಿನಲ್ಲಿ ಹೋಗುವುದು ಸಾಧ್ಯ, ಆದರೆ ಕೊನೆಯ ತುಂಡಿಗೆ ಆಟೋ ಹಿಡಿಯಬೇಕಾಗುತ್ತದೆ. ಮಧ್ಯಾಹ್ನದ ಮೇಲೆ ತಲುಪಿದರೆ ಅಂದು ದೋಣಿ ಸಿಗುವ ನಂಬಿಕೆ ಇಟ್ಟುಕೊಳ್ಳಬೇಡಿ.

ಒಂದೇ ದಿನದಲ್ಲಿ ಮುಗಿಸಬಹುದೇ?

ಮುಗಿಸುವವರು ಬಹಳ ಜನ ಇದ್ದಾರೆ. ಬೆಳಗ್ಗೆ ಭುವನೇಶ್ವರ ಬಿಟ್ಟು, ನಡುಹಗಲಲ್ಲಿ ದೋಣಿ ಹತ್ತಿ, ಕತ್ತಲಾಗುವ ಮೊದಲು ಹಿಂದಿರುಗುತ್ತಾರೆ. ಅವರಿಗೆ ಸಿಗುವುದು ದಿನದ ಅತ್ಯಂತ ಮಂಕಾದ ಹೊತ್ತು. ಎರಡು ರಾತ್ರಿ ಉಳಿಯಿರಿ ಎಂಬುದು ನನ್ನ ಖಚಿತ ಸಲಹೆ. ಎರಡು ರಾತ್ರಿ ಇದ್ದರೆ ಒಂದು ಪೂರ್ಣ ದಿನದ ಇಳಿತ ಮತ್ತು ಉಬ್ಬರ ಎರಡನ್ನೂ ಹಗಲ ಬೆಳಕಿನಲ್ಲಿ ನೋಡುವ ಅವಕಾಶ ಸಿಗುತ್ತದೆ. ಅದು ಏಕೆ ಮುಖ್ಯ ಎಂಬುದು ಮುಂದಿನ ಪ್ರಶ್ನೆಯಲ್ಲಿದೆ.

ಉಬ್ಬರ ಇಳಿತದ ಬಗ್ಗೆ ಎಲ್ಲರೂ ಅಷ್ಟೊಂದು ಹೇಳುತ್ತಾರೆ. ಪ್ರವಾಸಿಗರು ಅದನ್ನು ತಿಳಿದುಕೊಳ್ಳಲೇಬೇಕೇ?

ಬೇರೆ ಏನನ್ನೂ ಓದದಿದ್ದರೂ ಇದನ್ನು ಓದಿ.

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಅವುಗಳ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸುತ್ತಮುತ್ತ ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಉತ್ತರ ಕನ್ನಡ, ಉಡುಪಿಯ ಅಳಿವೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಬಂಗಾಳ ಕೊಲ್ಲಿಯ ಈ ಉತ್ತರದ ತುದಿಯಲ್ಲಿ ನೀರು ಏರಿ ಇಳಿಯುವ ಎತ್ತರ ನಮ್ಮ ಕರಾವಳಿಗಿಂತ ಹೆಚ್ಚು. ಆಳೆತ್ತರದ ದಂಡೆ ಬೆಳಗ್ಗೆ ಬರಿಗೆಸರಾಗಿ ಹೊಳೆಯುತ್ತಿದ್ದರೆ, ಮಧ್ಯಾಹ್ನಕ್ಕೆ ಅದೇ ಜಾಗದಲ್ಲಿ ನೀರು ಮರದ ಬುಡ ಮುಟ್ಟಿರುತ್ತದೆ.

ಇಳಿತದಲ್ಲಿ ಕೆಸರು ದಂಡೆ ಬಯಲಾಗುತ್ತದೆ. ಮೊಸಳೆಗಳು ಬಿಸಿಲಿಗೆ ಬಂದು ಮಲಗುವುದು ಅಲ್ಲಿ. ಕೆಸರಿನಲ್ಲಿ ರೆಕ್ಕೆಯೂರಿ ಕುಪ್ಪಳಿಸುವ ಪುಟ್ಟ ಮೀನುಗಳು, ಒಂದೇ ಒಂದು ದೊಡ್ಡ ಇಕ್ಕುಳಗಾಲನ್ನು ಬೀಸುತ್ತಾ ಹೆಣ್ಣನ್ನು ಕರೆಯುವ ಏಡಿಗಳು, ಅವನ್ನು ಹೆಕ್ಕಲು ಇಳಿಯುವ ಹಕ್ಕಿಗಳು, ಉದ್ದನೆಯ ನಾಲಿಗೆ ಚಾಚಿಕೊಂಡು ನಡೆಯುವ ನೀರು ಉಡ: ಎಲ್ಲರ ಊಟದ ಹೊತ್ತೂ ಇಳಿತವೇ. ಉಬ್ಬರದಲ್ಲಿ ಇವೆಲ್ಲ ಮರೆಯಾಗುತ್ತವೆ. ಆದರೆ ಆಗ ದೋಣಿ ಕಿರಿದಾದ ಹೊಳೆಗಳೊಳಗೆ ನುಗ್ಗಬಲ್ಲದು. ಎರಡೂ ಬದಿಯ ಕೊಂಬೆಗಳು ತಲೆಯ ಮೇಲೆ ಕೂಡಿಕೊಳ್ಳುವಷ್ಟು ಒಳಕ್ಕೆ ಹೋಗಬಹುದು. ಮಿಂಚುಳ್ಳಿಗಳು ಹತ್ತಿರದಿಂದ ಕಾಣುವುದು ಆಗ.

ಹಾಗಾಗಿ ಕಾದಿರಿಸುವ ಮೊದಲು ಹತ್ತಿರದ ಧಾಮ್ರಾ ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನು ನೋಡಿಕೊಳ್ಳಿ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಇಳಿತ ಬೀಳುವ ದಿನಗಳು ಚಳಿಗಾಲದಲ್ಲಿ ಮೊಸಳೆ ನೋಡಲು ಅತ್ಯುತ್ತಮ: ಬಿಸಿಲು ಏರಿರುತ್ತದೆ, ದಂಡೆ ಬಯಲಾಗಿರುತ್ತದೆ. ಒಳನಾಡಿನ ಹೊಳೆಗಳಲ್ಲಿ ನೀರು ತಿರುಗುವುದು ಬಂದರಿಗಿಂತ ತಡವಾಗಿ. ಆ ವ್ಯತ್ಯಾಸವನ್ನು ನಿಖರವಾಗಿ ಬಲ್ಲವನು ಅಂಬಿಗ. ಹಿಂದಿನ ಸಂಜೆಯೇ ಅವನೊಂದಿಗೆ ಕೂತು ಮಾತಾಡಿ. "ಎಷ್ಟು ಗಂಟೆಗೆ ಹೊರಡೋಣ?" ಎಂದು ಕೇಳುವ ಬದಲು "ನೀರು ಯಾವಾಗ ಇಳಿಯುತ್ತದೆ?" ಎಂದು ಕೇಳಿ. ನಿಮ್ಮ ಬಗ್ಗೆ ಅವನ ಲೆಕ್ಕಾಚಾರವೇ ಬದಲಾಗುತ್ತದೆ, ಮರುದಿನ ಅವನು ನಿಮ್ಮನ್ನು ಕರೆದೊಯ್ಯುವ ಜಾಗಗಳೂ ಬದಲಾಗುತ್ತವೆ.

ಮೊಸಳೆ ಖಂಡಿತ ಕಾಣಿಸುತ್ತದೆಯೇ? ರಂಗನತಿಟ್ಟಿನ ಮೊಸಳೆಗೂ ಇದಕ್ಕೂ ಏನು ವ್ಯತ್ಯಾಸ?

ಚಳಿಗಾಲದ ಇಳಿತದಲ್ಲಿ ಒಂದೂ ಕಾಣದೆ ಹಿಂದಿರುಗುವುದು ಅಪರೂಪ.

ರಂಗನತಿಟ್ಟಿನಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ನಾವು ನೋಡುವುದು ಸಿಹಿನೀರಿನ ಮೊಸಳೆ. ಅದರ ಮೂತಿ ಅಗಲ, ಗಾತ್ರ ಸಾಮಾನ್ಯವಾಗಿ ಮೂರು ನಾಲ್ಕು ಮೀಟರ್. ಭಿತರಕನಿಕಾದ ಉಪ್ಪುನೀರಿನ ಮೊಸಳೆ ಇಂದು ಜಗತ್ತಿನಲ್ಲಿ ಬದುಕಿರುವ ಸರೀಸೃಪಗಳಲ್ಲೇ ಅತಿ ದೊಡ್ಡದು. ಗಂಡು ಐದು ಮೀಟರ್ ದಾಟುವುದು ಇಲ್ಲಿ ಅಚ್ಚರಿಯಲ್ಲ, ಆರು ಮೀಟರ್ ಮೀರಿದವೂ ಇವೆ. ನಾಲಿಗೆಯ ಮೇಲಿನ ಗ್ರಂಥಿಗಳ ಮೂಲಕ ಹೆಚ್ಚುವರಿ ಉಪ್ಪನ್ನು ಹೊರಹಾಕುವುದರಿಂದ ಅದು ಅಳಿವೆಯಲ್ಲಿ ಮಾತ್ರವಲ್ಲ, ತೆರೆದ ಕಡಲಿನಲ್ಲೂ ಈಜಬಲ್ಲದು. ದಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದನ್ನು ನೋಡಿ ಅದು ಬೆದರಿಸುತ್ತಿದೆ ಎಂದು ಅನೇಕರು ಭಾವಿಸುತ್ತಾರೆ. ಮೈ ಹೆಚ್ಚು ಬಿಸಿಯಾದಾಗ ತಲೆಯನ್ನು ತಂಪಾಗಿಸಿಕೊಳ್ಳುವ ಬಗೆ ಅದು. ಇಡೀ ದೇಶದಲ್ಲಿ ಸಿಹಿನೀರಿನ ಮೊಸಳೆ, ಉಪ್ಪುನೀರಿನ ಮೊಸಳೆ, ಉದ್ದ ಮೂತಿಯ ಘರಿಯಾಲ್ ಮೂರೂ ಕಾಡಿನಲ್ಲಿ ಇರುವ ರಾಜ್ಯ ಒಡಿಶಾ ಒಂದೇ.

ಇಲ್ಲಿನ ಮೊಸಳೆಗಳ ಇಷ್ಟು ದೊಡ್ಡ ಸಂಖ್ಯೆ ತಾನಾಗಿ ಉಳಿದು ಬಂದದ್ದಲ್ಲ. ಚರ್ಮಕ್ಕಾಗಿ ಬೇಟೆ, ಕಾಡಿನ ನಾಶದಿಂದ 1970ರ ದಶಕದ ನಡುವಿನ ಹೊತ್ತಿಗೆ ಇಲ್ಲಿ ನೂರಕ್ಕಿಂತ ಕಡಿಮೆ ಮೊಸಳೆಗಳು ಉಳಿದಿದ್ದವು. 1975ರಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞ ಎಚ್. ಆರ್. ಬಸ್ಟರ್ಡ್ ಅವರ ಮಾರ್ಗದರ್ಶನದಲ್ಲಿ, ಭಿತರಕನಿಕಾದೊಳಗಿನ ಡಾಂಗಮಾಲ್‌ನಲ್ಲಿ ಸಂರಕ್ಷಣಾ ಯೋಜನೆ ಆರಂಭವಾಯಿತು. ಕಾಡಿನ ಗೂಡುಗಳಿಂದ ಮೊಟ್ಟೆ ತಂದು, ಕಾವು ಕೊಟ್ಟು, ಮರಿಗಳನ್ನು ತಮ್ಮನ್ನು ತಾವು ಕಾಪಾಡಿಕೊಳ್ಳುವಷ್ಟು ಬೆಳೆಸಿ ಹೊಳೆಗಳಿಗೆ ಬಿಟ್ಟರು. 2025ರ ಜನವರಿಯ ಗಣತಿಯಲ್ಲಿ ಸಿಕ್ಕ ಸಂಖ್ಯೆ 1,800ನ್ನು ದಾಟಿದೆ. ಡಾಂಗಮಾಲ್‌ನ ಮಾಹಿತಿ ಕೇಂದ್ರದಲ್ಲಿ ಇಡಿಯ ಅಸ್ಥಿಪಂಜರ ಇದೆ. ದೋಣಿ ಹತ್ತುವ ಮೊದಲು ಮಕ್ಕಳಿಗೆ ಅದನ್ನು ತೋರಿಸಿದರೆ ಹೊಳೆಯಲ್ಲಿ ನೀರಿನ ಮೇಲೆ ಬರೀ ಎರಡು ಕಣ್ಣು ಕಂಡಾಗ ಅದರ ಕೆಳಗೆ ಎಷ್ಟಿದೆ ಎಂಬುದು ಅವರಿಗೆ ಅರ್ಥವಾಗುತ್ತದೆ.

ಮೈಯ ಬಣ್ಣ ಬಿಳಿಚಿಕೊಂಡ ಮೊಸಳೆಗಳೂ ಇಲ್ಲಿ ಕೆಲವು ಇವೆ. ಒಡಿಯಾದಲ್ಲಿ ಅವನ್ನು ಶಂಖುವಾ ಎನ್ನುತ್ತಾರೆ.

ದೋಣಿ ಎಂಥದ್ದು? ಸುರಕ್ಷಿತವೇ?

ಡೀಸೆಲ್ ಎಂಜಿನ್ ಕೂರಿಸಿದ ಮರದ ದೋಣಿ, ಮೇಲೊಂದು ಚಪ್ಪರ, ಸದ್ದು ಸ್ವಲ್ಪ ಜೋರು. ಬಾಡಿಗೆ ಸಾಮಾನ್ಯವಾಗಿ ಇಡೀ ದೋಣಿಗೆ. ತಲೆಗಿಷ್ಟು ಎಂದು ಹಂಚಿಕೊಳ್ಳಲು ನಾಲ್ಕಾರು ಜನ ಇದ್ದರೆ ಅನುಕೂಲ. ಅರಣ್ಯ ಇಲಾಖೆಯ ಅನುಮತಿ ಇರುವ ದೋಣಿಯನ್ನೇ ಹತ್ತಿ, ಲೈಫ್ ಜಾಕೆಟ್ ತೊಟ್ಟೇ ಕೂರಿ. ಸೀಟಿನ ಕೆಳಗೆ ಇಟ್ಟ ಜಾಕೆಟ್‌ನಿಂದ ಉಪಯೋಗವಿಲ್ಲ. ಮೊಸಳೆ ಕಂಡ ಕೂಡಲೇ ಎಲ್ಲರೂ ಒಂದೇ ಬದಿಗೆ ನುಗ್ಗುವುದು ಇಲ್ಲಿನ ದೊಡ್ಡ ಅಪಾಯ. ಅಂಬಿಗ ದೋಣಿಯನ್ನು ಎರಡೂ ಬದಿಯವರಿಗೆ ಕಾಣುವಂತೆ ತಿರುಗಿಸುತ್ತಾನೆ, ಕೂತಲ್ಲೇ ಕೂತಿರಿ.

ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ನೀರಿನ ಹರಿವಿಗೆ ದೋಣಿಯನ್ನು ಬಿಡುವಂತೆ ಕೇಳಿ. ಹೆಚ್ಚಿನ ಅಂಬಿಗರು ಸಂತೋಷದಿಂದ ಒಪ್ಪುತ್ತಾರೆ. ಕಾಡಿನ ಸದ್ದು ಕೇಳುವುದು ಆ ಹತ್ತು ನಿಮಿಷಗಳಲ್ಲಿ.

ನೀರಿಗಿಳಿಯಬಹುದೇ? ಕೈ ಅದ್ದಬಹುದೇ?

ಎರಡೂ ಇಲ್ಲ. ಹೊಳೆ ಎಷ್ಟೇ ಕಿರಿದಾಗಿರಲಿ, ನೀರು ಎಷ್ಟೇ ನಿಶ್ಚಲವಾಗಿರಲಿ. ಜೆಟ್ಟಿಯ ಮೆಟ್ಟಿಲಿನ ಮೇಲೆ ಕೂತು ಕಾಲು ಇಳಿಬಿಡುವುದೂ ಬೇಡ. ನೀರಿನ ಅಂಚಿನಲ್ಲಿ ಕಾದು ಹಿಡಿಯುವುದೇ ಈ ಪ್ರಾಣಿಯ ಬೇಟೆಯ ರೀತಿ.

ಮೊಸಳೆ ಬಿಟ್ಟು ಇನ್ನೇನಿದೆ? ಬರೀ ಮರಗಳನ್ನು ನೋಡಲು ಅಷ್ಟು ದೂರ ಹೋಗಬೇಕೇ?

ಮರಗಳನ್ನು ನೋಡಲೆಂದೇ ಹೋಗಿ ಎಂದು ನಾನು ಹೇಳುತ್ತೇನೆ. ಸುಂದರಬನದ ನಂತರ ಪೂರ್ವ ಕರಾವಳಿಯಲ್ಲಿ ಇಷ್ಟು ಬಗೆಯ ಕಾಂಡ್ಲಾ ಗಿಡಮರಗಳು ಒಂದೇ ಕಡೆ ಸಿಗುವುದು ಇಲ್ಲಿ. ದಿನಕ್ಕೆರಡು ಸಲ ಉಪ್ಪುನೀರು ಮುಳುಗಿಸುವ, ಗಾಳಿಯಾಡದ ಕೆಸರಿನಲ್ಲಿ ಮರವೊಂದು ಬದುಕಬೇಕಾದರೆ ಏನೇನು ಉಪಾಯ ಬೇಕು ಎಂಬುದನ್ನು ದೋಣಿಯಲ್ಲಿ ಕೂತೇ ಓದಬಹುದು. ಕೆಲವು ಮರಗಳು ಕೆಸರಿನಿಂದ ಮೇಲಕ್ಕೆ ಮೊಳೆಗಳಂತೆ ಉಸಿರುಬೇರುಗಳನ್ನು ಚಾಚಿವೆ, ಕೆಲವು ಕಮಾನು ಬೇರುಗಳ ಮೇಲೆ ನಿಂತಿವೆ. ಸುಂದರಿ ಮರದ ಬುಡದಲ್ಲಿ ಹಲಗೆಯಂತೆ ಚಪ್ಪಟೆಯಾದ ಬೇರುಗಳು ಹಾವಿನಂತೆ ಹೊರಳಿವೆ. ಉಪ್ಪಟಿ ಜಾತಿಯ ಎಲೆಯನ್ನು ಬೆಳಗ್ಗೆ ಹತ್ತಿರದಿಂದ ನೋಡಿದರೆ ಅದು ಹೊರಹಾಕಿದ ಉಪ್ಪಿನ ಹರಳುಗಳು ಕಾಣುತ್ತವೆ. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಕೋಲಿನಂತಾಗಿ, ಕೆಳಗಿನ ಕೆಸರಿಗೋ ನೀರಿಗೋ ಬೀಳುತ್ತದೆ. ಹಣ್ಣಾಗಿ ಬಿದ್ದು ಆಮೇಲೆ ಮೊಳೆಯುವಷ್ಟು ಪುರುಸೊತ್ತನ್ನು ಇಲ್ಲಿನ ನೀರು ಕೊಡುವುದಿಲ್ಲ.

ಸುಂದರಿಯ ಒಂದು ಬಗೆ ಕನಿಕಾ ಸುಂದರಿ. ಅದರ ಶಾಸ್ತ್ರೀಯ ಹೆಸರಿನಲ್ಲೂ ಈ ನೆಲದ ಹೆಸರೇ ಇದೆ. ಹೆಂತಾಳ ಎಂಬ ಮುಳ್ಳಿನ ಪುಟ್ಟ ಈಚಲಿನ ಪೊದೆಗಳು ದಂಡೆಯುದ್ದಕ್ಕೂ ಇವೆ; ಮೊಸಳೆ ಗೂಡು ಕಟ್ಟಲು ಇಷ್ಟಪಡುವ ಜಾಗವದು. ಎಲೆ ಮುರಿದರೆ ಹಾಲಿನಂಥ ರಸ ಬರುವ ಮರವನ್ನು ಮಾತ್ರ ಮುಟ್ಟಬೇಡಿ. ಆ ರಸ ಕಣ್ಣಿಗೆ ಬಿದ್ದರೆ ತಾತ್ಕಾಲಿಕವಾಗಿ ಕಾಣದಂತಾಗಬಹುದು.

ಈ ಕಾಡಿಗೆ ಉಪ್ಪುನೀರಷ್ಟೇ ಸಿಹಿನೀರೂ ಬೇಕು. ಸುಂದರಿ ಮರ ಉಪ್ಪು ಹೆಚ್ಚಾದರೆ ಸೊರಗುತ್ತದೆ. ಮೇಲಿನಿಂದ ಬ್ರಾಹ್ಮಣಿ ತರುವ ನೀರು ಕಡಿಮೆಯಾಗುತ್ತಾ ಹೋದರೆ, ಅಂಚಿನಲ್ಲಿ ಸಿಗಡಿ ಹೊಂಡಗಳು ಹೆಚ್ಚುತ್ತಾ ಹೋದರೆ, ಒಂದು ಮರವನ್ನೂ ಕಡಿಯದೆ ಈ ಕಾಡನ್ನು ಕೊಲ್ಲಬಹುದು. ಅಳಿವೆಯನ್ನು ನೋಡಿ ಬಂದವರು ನದಿಯ ನೀರು ಕಡಲಿಗೆ ಸೇರಿ ವ್ಯರ್ಥವಾಗುತ್ತದೆ ಎಂಬ ಮಾತನ್ನು ಮತ್ತೆ ಆಡಬಾರದು.

ಯಾವ ಹಕ್ಕಿಗಳು ಕಾಣುತ್ತವೆ?

ಎಂಟು ಬಗೆಯ ಮಿಂಚುಳ್ಳಿಗಳು ಇಲ್ಲಿ ದಾಖಲಾಗಿವೆ. ಒಳನಾಡಿನಲ್ಲಿ ಸುಲಭವಾಗಿ ಸಿಗದ ಕಂದು ರೆಕ್ಕೆಯ ಮಿಂಚುಳ್ಳಿ, ಕರಿ ಟೋಪಿಯ ಮಿಂಚುಳ್ಳಿ, ಬಿಳಿ ಕೊರಳಪಟ್ಟಿಯ ಮಿಂಚುಳ್ಳಿಗಳಿಗಾಗಿಯೇ ಹಕ್ಕಿ ವೀಕ್ಷಕರು ದೂರದಿಂದ ಬರುತ್ತಾರೆ. ಮಳೆಗಾಲದಲ್ಲಿ ಬಗಗಹನ ಎಂಬಲ್ಲಿ ಬಾಯ್ಕಳಕ ಕೊಕ್ಕರೆ, ಬೆಳ್ಳಕ್ಕಿ, ಹಾವಕ್ಕಿ, ಇರುಳು ಬಕ, ನೀರುಕಾಗೆಗಳು ಸಾವಿರಾರು ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ಅಲ್ಲಿ ವೀಕ್ಷಣಾ ಗೋಪುರವಿದೆ. ಗೂಡಿನಿಂದ ಜಾರಿ ಬಿದ್ದ ಮರಿಗಾಗಿ ಕೆಳಗೆ ಮೊಸಳೆ, ಉಡಗಳು ಕಾದಿರುತ್ತವೆ. ಚಪ್ಪಾಳೆ ತಟ್ಟಿ ಹಕ್ಕಿಗಳನ್ನು ಎಬ್ಬಿಸಿ ಫೋಟೊ ತೆಗೆಯಲು ಹೋಗುವವರು ಇದನ್ನು ನೆನಪಿಡಬೇಕು: ಗಾಬರಿಯಿಂದ ಎದ್ದ ತಾಯಿಯ ಕಾಲಿಗೆ ತಗುಲಿ ಬಿದ್ದ ಮರಿ ಮತ್ತೆ ಮೇಲೆ ಬರುವುದಿಲ್ಲ.

ಹುಲಿ ಇದೆಯೇ?

ಇಲ್ಲ. ಮೀನು ಹಿಡಿಯುವ ಕಾಡುಬೆಕ್ಕು ಇದೆ, ರಾತ್ರಿ ಸಂಚಾರಿಯಾದ್ದರಿಂದ ಕಾಣುವುದು ಅದೃಷ್ಟ. ಚುಕ್ಕೆ ಜಿಂಕೆ, ಕಡವೆ, ಕಾಡುಹಂದಿ, ನೀರುನಾಯಿ, ಹೆಬ್ಬಾವು, ಕಾಳಿಂಗ ಸರ್ಪ ಇವೆ. ಡಾಂಗಮಾಲ್‌ನಲ್ಲಿ ಸಂಜೆ ಜಿಂಕೆಗಳು ವಸತಿಗಳ ಹತ್ತಿರವೇ ಬರುತ್ತವೆ, ಬಿಸ್ಕತ್ತು ಹಾಕಬೇಡಿ.

ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುವುದನ್ನು ನೋಡಬಹುದೇ?

ಗಹಿರ್ಮಾಥಾದಲ್ಲಿ ಲಕ್ಷಾಂತರ ಆಮೆಗಳು ಒಟ್ಟಾಗಿ ದಡಕ್ಕೆ ಬರುತ್ತವೆ ಎಂಬ ಸುದ್ದಿ ಓದಿ ಬಹಳ ಜನ ಇದನ್ನು ಕೇಳುತ್ತಾರೆ. ಸಾಮೂಹಿಕವಾಗಿ ಮೊಟ್ಟೆ ಇಡುವ ನಾಸಿ ದ್ವೀಪಗಳು ಕ್ಷಿಪಣಿ ಪರೀಕ್ಷೆ ನಡೆಯುವ ಅಬ್ದುಲ್ ಕಲಾಂ ದ್ವೀಪದ ಪಕ್ಕದಲ್ಲಿವೆ. ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಆಮೆಗಳಿಗಾಗಿ ನವೆಂಬರ್‌ನಿಂದ ಮೇ ಕೊನೆಯವರೆಗೆ ಆ ಕಡಲಿನಲ್ಲಿ ಮೀನುಗಾರಿಕೆಗೂ ನಿಷೇಧವಿದೆ. ಸ್ಥಳೀಯ ಮೀನುಗಾರರೇ ತಮ್ಮ ದುಡಿಮೆ ಬಿಟ್ಟು ದೂರ ನಿಲ್ಲುವಾಗ "ಸ್ವಲ್ಪ ಹಣ ಕೊಟ್ಟರೆ ತೋರಿಸುತ್ತೇನೆ" ಎನ್ನುವವರ ಮಾತಿಗೆ ಬೀಳಬೇಡಿ.

ನಡೆದು ಕಾಡು ನೋಡಬಹುದೇ?

ಅನುಮತಿ ಇರುವ ದಾರಿಗಳಲ್ಲಿ, ಮಾರ್ಗದರ್ಶಿಯೊಂದಿಗೆ ನಡೆಯಬಹುದು. ಕನಿಕಾ ರಾಜರ ಕಾಲದ ಬೇಟೆಯ ಗೋಪುರ ಮತ್ತು ಹಳೆಯ ಗುಡಿಯ ಕಡೆಗೆ ಹೋಗುವ ದಾರಿ ಚೆನ್ನಾಗಿದೆ. ಎಷ್ಟೋ ಪ್ರಾಣಿಗಳ ಕೊನೆ ಕಂಡ ಆ ಗೋಪುರದ ಹತ್ತಿರ ಈಗ ಜಿಂಕೆ ಮೇಯುತ್ತದೆ. ನೀರಿನ ಹೊಂಡಗಳ ಅಂಚಿಗೆ ಹೋಗಬೇಡಿ, ಅಲ್ಲೂ ಮೊಸಳೆ ಇರಬಹುದು. ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂಬದಿ ಬಿಗಿಯಾದ, ಒದ್ದೆಯಾದರೂ ಸರಿಹೋಗುವ ಷೂ ಹಾಕಿಕೊಳ್ಳಿ.

ಉಳಿಯಲು, ಉಣ್ಣಲು ಏನು ವ್ಯವಸ್ಥೆ?

ಡಾಂಗಮಾಲ್, ಗುಪ್ತಿ, ಹಬಲಿಖಾಟಿಗಳಲ್ಲಿ ಒಡಿಶಾ ಅರಣ್ಯ ಇಲಾಖೆಯ ಪರಿಸರ ಪ್ರವಾಸೋದ್ಯಮದ ವಸತಿಗಳಿವೆ, ಮುಂಗಡವಾಗಿ ಆನ್‌ಲೈನ್‌ನಲ್ಲಿ ಕಾದಿರಿಸಬೇಕು. ಉದ್ಯಾನದ ಹೊರಗೆ ಖಾಸಗಿ ವಸತಿಗಳೂ ಇವೆ. ಒಳಗೇ ಉಳಿಯುವುದಕ್ಕೆ ನನ್ನ ಮತ: ಮುಂಜಾನೆಯ ಹೊಳೆ ಮನೆಬಾಗಿಲಲ್ಲೇ ಇರುತ್ತದೆ. ಊಟ ಒಡಿಯಾ ಬಗೆಯದು, ಅನ್ನ, ತರಕಾರಿ ಬೇಳೆಯ ದಾಲ್ಮಾ, ಹೊಳೆಯ ಮೀನು, ಏಡಿ. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಸಾಕು. ಬರುವಾಗ ಅಥವಾ ಹಿಂದಿರುಗುವಾಗ ಕೇಂದ್ರಾಪಡಾದಲ್ಲಿ ನಿಂತು ರಸಾಬಳಿ ತಿನ್ನಿ. ಕರಿದ ಛೇನಾ (ಒಡೆದ ಹಾಲಿನ ಗಿಣ್ಣು) ಬಿಲ್ಲೆಗಳನ್ನು ಕುದಿಸಿ ದಪ್ಪಗಾದ ಹಾಲಿನಲ್ಲಿ ನೆನೆಸಿದ ಆ ಸಿಹಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ಚಿಕ್ಕ ಮಕ್ಕಳು, ವಯಸ್ಸಾದವರನ್ನು ಕರೆದೊಯ್ಯಬಹುದೇ?

ಕರೆದೊಯ್ಯಬಹುದು. ಕಷ್ಟ ಇರುವುದು ದೋಣಿ ಹತ್ತುವ ಇಳಿಯುವ ಹೊತ್ತಿನಲ್ಲಿ. ಇಳಿತದಲ್ಲಿ ಜೆಟ್ಟಿಯ ಕೆಳಗಿನ ಮೆಟ್ಟಿಲುಗಳು ಪಾಚಿ, ಕೆಸರಿನಿಂದ ಜಾರುತ್ತವೆ, ದೋಣಿ ಬಹಳ ಕೆಳಗಿರುತ್ತದೆ. ಮೊಣಕಾಲು ನೋವಿರುವ ಹಿರಿಯರಿದ್ದರೆ ನೀರು ತುಂಬಿರುವಾಗ ಹತ್ತಿಸಿ, ಇಳಿತವನ್ನು ದೋಣಿಯಲ್ಲೇ ಕಳೆದು, ಮತ್ತೆ ನೀರು ಏರಿದ ಮೇಲೆ ಇಳಿಸುವಂತೆ ಯೋಜಿಸಿ. ದೋಣಿಯಲ್ಲಿ ಶೌಚಾಲಯ ಇದೆಯೇ ಎಂದು ಮೊದಲೇ ಕೇಳಿ. ದೊಡ್ಡ ಆಸ್ಪತ್ರೆ ಹತ್ತಿರವಿಲ್ಲ, ನಿತ್ಯದ ಔಷಧಿ ಜೊತೆಗಿರಲಿ. ಸಂಜೆ ಸೊಳ್ಳೆ ವಿಪರೀತ, ತೋಳು ಮುಚ್ಚುವ ಬಟ್ಟೆ ಬೇಕೇ ಬೇಕು.

ಕ್ಯಾಮೆರಾ, ಡ್ರೋನ್, ಮೊಬೈಲ್?

ಕ್ಯಾಮೆರಾಕ್ಕೆ ಪ್ರತ್ಯೇಕ ಶುಲ್ಕ ಇರಬಹುದು, ಪರವಾನಗಿ ಪಡೆಯುವಾಗಲೇ ಕಟ್ಟಿಬಿಡಿ. 300ರಿಂದ 400 ಮಿಲಿಮೀಟರ್ ಲೆನ್ಸ್ ಸಾಕಾಗುತ್ತದೆ. ಅಲುಗಾಡುವ ದೋಣಿಯಲ್ಲಿ ಮುಕ್ಕಾಲಿ ಕೆಲಸಕ್ಕೆ ಬರುವುದಿಲ್ಲ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಮೊಬೈಲ್ ಸಂಪರ್ಕ ಬರುತ್ತದೆ ಹೋಗುತ್ತದೆ, ಆದ್ದರಿಂದ ನಗದು ಹಣ ಇಟ್ಟುಕೊಳ್ಳಿ, ಗುರುತಿನ ಚೀಟಿಯ ಕಾಗದದ ಪ್ರತಿಯೂ ಇರಲಿ.

ಸುತ್ತಲಿನ ಊರಿನವರಿಗೆ ಮೊಸಳೆಗಳಿಂದ ತೊಂದರೆ ಇಲ್ಲವೇ?

ಇದೆ, ಮತ್ತು ಅದು ಸಣ್ಣದಲ್ಲ. ಮೊಸಳೆ ಹೆಚ್ಚಿದಂತೆ ಅಭಯಾರಣ್ಯದ ಗಡಿ ದಾಟಿ ಊರ ಹೊಳೆಗಳಿಗೂ ಬರುತ್ತವೆ. ಸ್ನಾನಕ್ಕೆ, ಬಟ್ಟೆ ಒಗೆಯಲು, ದನ ತೊಳೆಯಲು ಹೊಳೆಯನ್ನೇ ನೆಚ್ಚಿಕೊಂಡ ಜನ ಇವರು. ಪ್ರಾಣಹಾನಿಗಳು ಆಗಿವೆ, ದನಕರುಗಳೂ ಹೋಗುತ್ತವೆ. ಸ್ನಾನಘಟ್ಟಗಳಿಗೆ ಅರಣ್ಯ ಇಲಾಖೆ ಬೇಲಿ ಹಾಕಿಸಿದೆ, ದೋಣಿಯಿಂದ ನಿಮಗೆ ಅವು ಕಾಣುತ್ತವೆ. ಊರಿನವರೊಂದಿಗೆ ಮಾತಾಡುವಾಗ ಮೊಸಳೆಯನ್ನು ಬರೀ ಮೋಜಿನ ಸಂಗತಿಯಾಗಿ ಎತ್ತಬೇಡಿ. ಎದುರಿನವರ ಮನೆಯಲ್ಲಿ ಏನಾಗಿದೆಯೋ ತಿಳಿಯದು. ಸಂರಕ್ಷಣೆಯ ಬೆಲೆಯನ್ನು ತೆರುತ್ತಿರುವವರು ಅವರು. ಆದ್ದರಿಂದಲೇ ದೋಣಿ, ಮಾರ್ಗದರ್ಶಿ, ಊಟ ಎಲ್ಲವನ್ನೂ ಸಾಧ್ಯವಾದಷ್ಟು ಸ್ಥಳೀಯರಿಂದಲೇ ಪಡೆಯಿರಿ, ಚೌಕಾಸಿ ಮಾಡಲು ಹೋಗಬೇಡಿ.

ಕಡಲ ಕೊರೆತವೂ ಇವರನ್ನು ಬಿಟ್ಟಿಲ್ಲ. ಸಾತಭಾಯಾ ಎಂಬ ಊರುಗಳ ಗುಂಪಿನ ಬಹುಭಾಗ ಸಮುದ್ರದ ಪಾಲಾಗಿ, ಕುಟುಂಬಗಳನ್ನು ಬಗಪಾಟಿಯಾಕ್ಕೆ ಸ್ಥಳಾಂತರಿಸಬೇಕಾಯಿತು.

ಚಂಡಮಾರುತದ ಭಯ ಇದೆಯಲ್ಲ, ಕಾದಿರಿಸಿದ ಮೇಲೆ ಹವಾಮಾನ ಕೆಟ್ಟರೆ?

ಅಕ್ಟೋಬರ್, ನವೆಂಬರ್‌ನಲ್ಲಿ ಎಚ್ಚರಿಕೆ ಬೇಕು. 2024ರ ಅಕ್ಟೋಬರ್ 24ರ ರಾತ್ರಿ ದಾನಾ ಚಂಡಮಾರುತ ದಡ ಹೊಕ್ಕಿದ್ದು ಹಬಲಿಖಾಟಿ ಮತ್ತು ಧಾಮ್ರಾ ನಡುವೆಯೇ, ಅಂದರೆ ನೇರವಾಗಿ ಈ ಕಾಡಿನ ಮೇಲೆ. 1999ರ ಭಾರೀ ಚಂಡಮಾರುತದ ನಂತರ ಕೇಂದ್ರಾಪಡಾ ಜಿಲ್ಲೆಯಲ್ಲಿ ನಡೆದ ಅಧ್ಯಯನಗಳು, ಕಡಲಿಗೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡಿದ್ದ ಕಡೆ ಸಾವುನೋವು, ಹಾನಿ ಕಡಿಮೆಯಾಗಿತ್ತು ಎಂದು ತೋರಿಸಿವೆ.

ಪ್ರವಾಸಿಗರು ಮಾಡಬೇಕಾದದ್ದು ಸರಳ. ಹೊರಡುವ ಹಿಂದಿನ ವಾರ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತಿರಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಕಾಣಿಸಿಕೊಂಡರೆ ಅರಣ್ಯ ಇಲಾಖೆ ಪ್ರವೇಶ ನಿಲ್ಲಿಸಬಹುದು, ಆಗ ವಾದ ಮಾಡದೆ ದಿನಾಂಕ ಬದಲಿಸಿಕೊಳ್ಳಿ. ಈ ತಿಂಗಳುಗಳಲ್ಲಿ ರದ್ದು ಮಾಡಿದರೆ ಹಣ ಹಿಂದಿರುಗುವ ಟಿಕೆಟ್ ತೆಗೆದುಕೊಳ್ಳುವುದು ಜಾಣತನ. ಒಳಗಿರುವಾಗ ಗಾಳಿ ಎದ್ದು ಅಂಬಿಗ ಇನ್ನು ಹಿಂದಿರುಗೋಣ ಎಂದರೆ, ನೋಡಬೇಕಾದ ಜಾಗ ಇನ್ನೂ ಉಳಿದಿದ್ದರೂ ಕೂಡಲೇ ಹಿಂದಿರುಗಿ.

ಚೀಲದಲ್ಲಿ ಏನಿರಬೇಕು, ಏನಿರಬಾರದು?

ಪ್ಲಾಸ್ಟಿಕ್ ಬಾಟಲಿ, ಕವರುಗಳನ್ನು ಒಳಗೆ ಬಿಡುವುದಿಲ್ಲ. ಸ್ಟೀಲ್ ಬಾಟಲಿಯಲ್ಲಿ ಸಾಕಷ್ಟು ಕುಡಿಯುವ ನೀರು ತುಂಬಿಕೊಳ್ಳಿ, ಸುತ್ತ ಇರುವುದೆಲ್ಲ ಉಪ್ಪುನೀರು. ಮದ್ಯ, ಧ್ವನಿವರ್ಧಕ ಬೇಡ. ಟೋಪಿ, ದುರ್ಬೀನು, ಟಾರ್ಚ್, ಒಂದು ಜೊತೆ ಹೆಚ್ಚುವರಿ ಬಟ್ಟೆ, ಚಳಿಗಾಲವಾದರೆ ಸ್ವೆಟರ್: ಬೆಳಗಿನ ಹೊಳೆಯ ಮೇಲೆ ಚಳಿ ಕೊರೆಯುತ್ತದೆ. ಬಟ್ಟೆ ಕಂದು, ಹಸಿರು, ಬೂದು ಬಣ್ಣದ್ದಿರಲಿ. ಉಬ್ಬರ ಇಳಿತದ ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಜೇಬಿನಲ್ಲಿಡಿ.